ದೋಚುವ ಮೊದಲೇ ಪಾಲಿನ ಲೆಕ್ಕ

ಸ್ಕಾಟ್ಲೆಂಡಿನ ಡಂಡಿ ಊರಿನ ಡಿಎಂಎ ಡಿಸೈನ್ ಕಂಪನಿ 1990ರ ದಶಕದ ನಡುವೆ ‘ರೇಸ್ ಎನ್ ಚೇಸ್’ ಎಂಬ ವಿಡಿಯೊ ಗೇಮ್ ಕಟ್ಟುತ್ತಿತ್ತು. ಕಳ್ಳನಾಗಿಯೂ ಆಡಬಹುದು, ಪೊಲೀಸನಾಗಿಯೂ ಆಡಬಹುದು ಎಂಬುದು ಆಗಿನ ಯೋಚನೆ. ಆಟ ಸಪ್ಪೆಯಾಗಿತ್ತು. ಹೀಗಿರುವಾಗ ಪ್ರೋಗ್ರಾಮಿನಲ್ಲೊಂದು ದೋಷ ಕಾಣಿಸಿಕೊಂಡು ಪೊಲೀಸ್ ಕಾರುಗಳು ಹುಚ್ಚೆದ್ದವು. ಆಟಗಾರನನ್ನು ಅಡ್ಡಗಟ್ಟುವುದು ಬಿಟ್ಟು ಅವನ ಕಾರಿಗೇ ಗುದ್ದತೊಡಗಿದವು. ಆಡಿ ನೋಡುತ್ತಿದ್ದವರಿಗೆ ಅದೇ ಹಿಡಿಸಿತು. 1997ರಲ್ಲಿ ಆ ಆಟ ‘ಗ್ರ್ಯಾಂಡ್ ಥೆಫ್ಟ್ ಆಟೋ’ (ಜಿಟಿಎ) ಎಂಬ ಹೆಸರಿನಲ್ಲಿ ಹೊರಬಂತು.

ಹಾಗಾಗಿ ಈ ಆಟಗಳಲ್ಲಿ ಮೊದಲು ಹುಟ್ಟಿದ್ದು ಪರಾರಿ. ದರೋಡೆ ಬಂದದ್ದು ಆಮೇಲೆ. ಊರಿಡೀ ಅಲೆಯಬಹುದಾದ ಓಪನ್ ವರ್ಲ್ಡ್ ಆಟದಲ್ಲಿ ಬೆನ್ನಟ್ಟುವ ಪೊಲೀಸರಿದ್ದರೆ ಅರ್ಧ ಕೆಲಸ ಆದಂತೆ. ಉಳಿದರ್ಧವನ್ನು ಕಂಡುಕೊಳ್ಳಲು ಮತ್ತೆ ಹದಿನಾರು ವರ್ಷ ಹಿಡಿಯಿತು.

ಇದೇ ಸರಣಿಯ 2002ರ ‘ವೈಸ್ ಸಿಟಿ’ಯಲ್ಲಿ ಅಂಗಡಿಯವನತ್ತ ಬಂದೂಕು ಹಿಡಿದು ನಿಂತರೆ ಅವನು ದುಡ್ಡು ಕೊಡುತ್ತಿದ್ದ. ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ದುಡ್ಡು, ಜೊತೆಗೇ ಪೊಲೀಸರ ಗಮನ ಸೂಚಿಸುವ ನಕ್ಷತ್ರಗಳೂ ಏರುತ್ತಿದ್ದವು. ಇನ್ನಷ್ಟು ಬೇಕೇ, ಇಷ್ಟಕ್ಕೇ ಓಡಬೇಕೇ? ಇಡೀ ದರೋಡೆಯ ಜೀವಾಳ ಈ ಒಂದು ಪ್ರಶ್ನೆಯಲ್ಲಿದೆ. ಅದೇ ಆಟದಲ್ಲಿ ಬ್ಯಾಂಕ್ ದರೋಡೆಯೊಂದಿತ್ತು. ಅದಕ್ಕೂ ಮುನ್ನ ಕಥಾನಾಯಕ ಟಾಮಿ ವರ್ಸೆಟ್ಟಿ ಮೂವರನ್ನು ಕೂಡಿಸಬೇಕು: ತಿಜೋರಿ ಒಡೆಯುವವನನ್ನು ಪೊಲೀಸ್ ಠಾಣೆಯಿಂದ ಬಿಡಿಸಿ ತರಬೇಕು, ಬಂದೂಕಿನವನಿಗೆ ತನ್ನ ಗುರಿ ತೋರಿಸಿ ಒಪ್ಪಿಸಬೇಕು, ಡ್ರೈವರನ್ನು ರೇಸಿನಲ್ಲಿ ಸೋಲಿಸಬೇಕು. ಆದರೆ ಆ ಮೂವರು ಯಾರೆಂಬುದು ಕತೆಗಾರನ ತೀರ್ಮಾನ, ಆಡುವವನದಲ್ಲ. 2004ರ ‘ಸ್ಯಾನ್ ಆಂಡ್ರಿಯಾಸ್’ನಲ್ಲಿ ರಾತ್ರಿ ಹೊತ್ತು ಮನೆಗೆ ನುಗ್ಗಿ ಟಿವಿ ಹೊತ್ತು ತರುವಾಗ ಸದ್ದಿನ ಅಳತೆ ಪರದೆಯ ಮೇಲೆ ಕಾಣುತ್ತಿತ್ತು. ಬಂದೂಕು ಎತ್ತದೆ ಕದಿಯುವ ಆ ಚಿಕ್ಕ ಕೆಲಸ ನನಗೆ ಇಂದಿಗೂ ಇಷ್ಟ.

2008ರ ನಾಲ್ಕನೆಯ ಜಿಟಿಎಯಲ್ಲಿ ‘ಥ್ರೀ ಲೀಫ್ ಕ್ಲೋವರ್’ ಎಂಬ ಅಧ್ಯಾಯ ಬಂತು. ಕಥಾನಾಯಕ ನೀಕೋ ಬೆಲಿಕ್ ಮತ್ತು ಮೆಕ್ರಿಯರಿ ಸಹೋದರರು ಬ್ಯಾಂಕ್ ದೋಚಿ ಬೀದಿಯಲ್ಲಿ ಗುಂಡು ಹಾರಿಸುತ್ತ ಸುರಂಗ ರೈಲಿನ ಹಳಿಯವರೆಗೆ ಓಡುತ್ತಾರೆ. ಮೈಕಲ್ ಮನ್ನನ 1995ರ ‘ಹೀಟ್’ ಚಿತ್ರ ನೋಡಿದವರಿಗೆ ಇದರ ಮೂಲ ಥಟ್ಟನೆ ಹೊಳೆಯುತ್ತದೆ. ಆಡಿದವರೆಲ್ಲ ಇದನ್ನೇ ಕೊಂಡಾಡಿದರು. 2013ರ ಸೆಪ್ಟೆಂಬರಿನಲ್ಲಿ ಬಂದ ಐದನೆಯ ಆಟದ ಬೆನ್ನೆಲುಬೇ ದರೋಡೆಯಾಯಿತು.

ಅದರಲ್ಲಿನ ಆಭರಣದಂಗಡಿ ದರೋಡೆಯನ್ನು ಹತ್ತಿರದಿಂದ ನೋಡಬೇಕು. ಕ್ಯಾಮೆರಾ ಅಡಗಿಸಿದ ಕನ್ನಡಕ ತೊಟ್ಟು ಮೈಕಲ್ ಎಂಬ ಪಾತ್ರಧಾರಿ ಗಿರಾಕಿಯಂತೆ ಅಂಗಡಿಯೊಳಗೆ ಹೋಗುತ್ತಾನೆ. ಅಲಾರಂ ಎಲ್ಲಿದೆ, ಗಾಳಿಕಿಂಡಿ ಎಲ್ಲಿದೆ ಎಂದು ಚಿತ್ರ ತೆಗೆಯುತ್ತಾನೆ. ಆಮೇಲೆ ಲೆಸ್ಟರ್ ಎಂಬ ಯೋಜಕ ಹಲಗೆಯ ಮೇಲೆ ಎರಡು ದಾರಿ ತೋರಿಸುತ್ತಾನೆ. ಒಂದು, ಬಂದೂಕು ಹಿಡಿದು ನೇರ ನುಗ್ಗುವುದು. ಇನ್ನೊಂದು, ಕೀಟನಾಶಕ ಹೊಡೆಯುವವರ ವೇಷದಲ್ಲಿ ಬಂದು, ಗಾಳಿಕಿಂಡಿಯಿಂದ ಅನಿಲ ಬಿಟ್ಟು, ಒಳಗಿದ್ದವರನ್ನು ಮಲಗಿಸುವುದು. ಎರಡನೆಯದಕ್ಕೆ ವ್ಯಾನು ಬೇಕು, ಅನಿಲ ಬೇಕು. ಎರಡನ್ನೂ ಮೊದಲೇ ಕದ್ದಿಟ್ಟುಕೊಳ್ಳಬೇಕು.

ಮುಂದಿನದು ಜನರ ಆಯ್ಕೆ. ಹ್ಯಾಕರ್‌ಗಳಲ್ಲಿ ಪೇಜ್ ಹ್ಯಾರಿಸ್ ಕೇಳುವುದು ಲೂಟಿಯ ಶೇ 15, ರಿಕಿ ಲುಕೆನ್ಸ್ ಕೇಳುವುದು ಶೇ 4. ಅಗ್ಗದವನನ್ನು ಕರೆದರೆ ಅಲಾರಂ ಬೇಗ ಹೊಡೆದುಕೊಳ್ಳುತ್ತದೆ, ಗಾಜಿನ ಪೆಟ್ಟಿಗೆ ಒಡೆಯಲು ಸಿಗುವ ಸಮಯ ಕಡಿಮೆಯಾಗುತ್ತದೆ. ಶೇ 7ಕ್ಕೆ ಬರುವ ಬಂದೂಕುಧಾರಿ ನಾರ್ಮ್ ರಿಚರ್ಡ್ಸ್ ಪರಾರಿಯ ದಾರಿಯಲ್ಲಿ ಬೈಕಿನಿಂದ ಬಿದ್ದು ಸಾಯುತ್ತಾನೆ. ಅವನ ಚೀಲ ಎತ್ತಿಕೊಂಡರೆ ಉಂಟು, ಇಲ್ಲವಾದರೆ ಅಷ್ಟೂ ಹೋಯಿತು. ಬದುಕುಳಿದವರು ಮುಂದಿನ ದರೋಡೆಗೆ ಪಳಗುತ್ತಾರೆ. ಗುಂಡು ಹಾರುವ ಮೊದಲೇ ಅರ್ಧ ಆಟ ಗೆದ್ದಿರುತ್ತದೆ ಅಥವಾ ಸೋತಿರುತ್ತದೆ. ದರೋಡೆಯನ್ನು ಶೂಟಿಂಗ್ ಆಟದಿಂದ ಬೇರೆ ಮಾಡಿದ್ದು ಈ ಬಜೆಟ್ ಲೆಕ್ಕವೇ ಎಂದು ನಾನು ನಂಬುತ್ತೇನೆ. ಅದೇ ಆಟದ ಮೆರಿವೆದರ್ ದರೋಡೆಯಲ್ಲಿ ಇಷ್ಟೆಲ್ಲ ಪಾಡುಪಟ್ಟು ಹೊತ್ತು ತಂದದ್ದು ಅಣ್ವಸ್ತ್ರವೆಂದು ತಿಳಿದು ಬರಿಗೈಯಲ್ಲಿ ಹಿಂತಿರುಗಬೇಕು. ಆಡುವವರಿಗೆ ಒಂದು ಪೈಸೆಯೂ ಕೊಡದಿರುವ ಧೈರ್ಯ ಮೆಚ್ಚಬೇಕಾದದ್ದು.

2015ರ ಮಾರ್ಚ್‌ನಲ್ಲಿ ಇಂಥ ದರೋಡೆಗಳು ಹಲವರು ಅಂತರ್ಜಾಲದಲ್ಲಿ ಕೂಡಿ ಆಡುವ ಜಿಟಿಎ ಆನ್‌ಲೈನ್‌ಗೆ ಬಂದಾಗ ಲೆಸ್ಟರನ ಹಲಗೆ ಆಟಗಾರರ ಕೈಗೇ ಸಿಕ್ಕಿತು. ಐದು ದರೋಡೆಗಳಲ್ಲಿ ಮೊದಲನೆಯದಕ್ಕೆ ಇಬ್ಬರು, ಉಳಿದವಕ್ಕೆ ನಾಲ್ವರು ಬೇಕು. ನಾಯಕನಾದವನು ಖರ್ಚನ್ನು ಸ್ವಂತ ಜೇಬಿನಿಂದ ಹಾಕಬೇಕು, ತಯಾರಿಯ ಕೆಲಸಗಳಿಗೆ ಅವನಿಗೆ ಕೂಲಿಯಿಲ್ಲ. ಕೊನೆಯ ಲೂಟಿಯಲ್ಲಿ ಯಾರಿಗೆಷ್ಟು ಪಾಲು ಎಂದು ಹೇಳುವ ಅಧಿಕಾರ ಮಾತ್ರ ಅವನದು. ಕಡಿಮೆ ಕೊಟ್ಟರೆ ಜೊತೆಗಾರರು ಎದ್ದು ಹೋಗುತ್ತಾರೆ. ಕಠಿಣ ಹಂತದಲ್ಲಿ ಒಬ್ಬ ಸತ್ತರೂ ಎಲ್ಲರ ಶ್ರಮ ನೀರುಪಾಲು. ಪೆಸಿಫಿಕ್ ಸ್ಟ್ಯಾಂಡರ್ಡ್ ಬ್ಯಾಂಕಿನಿಂದ ಹೊರಬಂದ ಮೇಲಂತೂ ಹಣ ಹೊತ್ತವನಿಗೆ ಗುಂಡು ತಗುಲಿದಾಗಲೆಲ್ಲ ಲೂಟಿಯ ಮೊತ್ತವೇ ಇಳಿಯುತ್ತದೆ. ಪರಿಚಯವೇ ಇಲ್ಲದ ನಾಲ್ವರ ನಡುವೆ ನಂಬಿಕೆಯೂ ಜಗಳವೂ ಹುಟ್ಟಲು ಇಷ್ಟು ಸಾಕು.

ಅದೇ ಆನ್‌ಲೈನ್ ಆಟಕ್ಕೆ ಬಂದ 2019ರ ಕ್ಯಾಸಿನೊ ದರೋಡೆ ಕಳ್ಳಹೆಜ್ಜೆ, ವೇಷ, ನೇರ ದಾಳಿ ಎಂದು ಮೂರು ದಾರಿ ಕೊಟ್ಟಿತು. 2020ರ ಕಾಯೊ ಪೆರಿಕೊ ದರೋಡೆಯನ್ನು ಒಬ್ಬನೇ ಮುಗಿಸಬಹುದು. ಜೊತೆಗಾರರು ಸಿಗದವರಿಗೆ ಅದು ಅನುಕೂಲವಾಯಿತು, ಜನ ಮುಗಿಬಿದ್ದು ಆಡಿದರು. ಆದರೆ ಪಾಲು ಕೇಳುವವರಿಲ್ಲದ ದರೋಡೆ ಎರಡು ದಿನದಲ್ಲಿ ಬರೀ ದುಡಿಮೆಯಾಗುತ್ತದೆ.

ಈ ಬಗೆಯ ಆಟಗಳನ್ನು ವಯಸ್ಕರಿಗೆಂದೇ ಮಾಡಿರುವುದು. ಆಡುವ ವಯಸ್ಸಾಗಿದ್ದು, ಐದನೆಯ ಜಿಟಿಎ ನಿಮ್ಮ ಬಳಿ ಇದ್ದರೆ, ಆಭರಣದಂಗಡಿಗೆ ಎರಡು ಸಲ ಹೋಗಿ ನೋಡಿ: ಒಮ್ಮೆ ಪೇಜ್ ಜೊತೆ ಅನಿಲ ಬಿಟ್ಟು, ಇನ್ನೊಮ್ಮೆ ರಿಕಿಯನ್ನೂ ನಾರ್ಮನನ್ನೂ ನಂಬಿ ಬಂದೂಕು ಹಿಡಿದು.