ಹೊಳಗೇರು ಸೊನೆ ತಾಗಿತಾ? ಮುಲಾಮು ಆಮೇಲೆ, ಮೊದಲು ಸೋಪು

ಬೆಟ್ಟದಲ್ಲಿ ಸೊಪ್ಪು ಕಡಿಯೋ ಕೆಲಸ ಶುರುವಾದ್ರೆ ನನ್ನ ವಾಟ್ಸಾಪಿಗೆ ಒಂದೇ ಥರದ ಫೋಟೋ ಬರ್ತವೆ: ಊದಿದ ಮುಖ, ಗುಳ್ಳೆ ಎದ್ದ ಮುಂಗೈ. "ಯಾವ ಮುಲಾಮು ಹಚ್ಚಲಿ ಅಣ್ಣಾ?" ಅಂತ ಕೇಳ್ತಾರೆ. ಅಷ್ಟೊತ್ತಿಗೆ ತೊಳೆಯುವ ಸಮಯವೇ ಮುಗಿದಿರುತ್ತದೆ.

ಮಲೆನಾಡಿನ ಹೊಳಗೇರು, ಒಣಕಾಡಿನ ಕರಿಗೇರು, ಗೋಡಂಬಿ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ಎಲ್ಲ ಒಂದೇ ಸಸ್ಯ ಕುಟುಂಬದವು. ಅಮೆರಿಕದವರು ಹೆದರುವ ಪಾಯಿಸನ್ ಐವಿ ಬಳ್ಳಿಯೂ ಇವುಗಳ ನೆಂಟನೇ. ಹೊಳಗೇರಿನ ಎಲೆ ದೂರದಿಂದ ಮಾವಿನೆಲೆ ಥರ ಕಾಣುತ್ತೆ. ತೊಟ್ಟಿನ ಮೇಲೆ ಮುಳ್ಳಿನಂಥ ಎರಡು ಮೆತ್ತನೆ ಚಾಚು ಇರುತ್ತವೆ. ಕಚ್ಚು ಬಿದ್ದ ತೊಗಟೆಯ ಸೊನೆ ಗಾಳಿಗೆ ಕಪ್ಪಾಗುತ್ತೆ. ಕತ್ತಿ ಮೇಲೆ ಕಪ್ಪು ಕಲೆ ಕಂಡರೆ ಅನುಮಾನಿಸಿ.

ಈ ಸೊನೆ ಎಣ್ಣೆ ಜಾತಿಯದು. ಬರೀ ನೀರಿಗೆ ಹೋಗಲ್ಲ, ಚರ್ಮದ ಪ್ರೋಟೀನಿಗೆ ಬೇಗ ಅಂಟಿಕೊಳ್ಳುತ್ತೆ. ಪಾಯಿಸನ್ ಐವಿಯ ಲೆಕ್ಕದಲ್ಲಿ 10 ನಿಮಿಷ ಕಳೆದರೆ ಅರ್ಧದಷ್ಟು ಮಾತ್ರ ತೊಳೆದು ತೆಗೆಯಬಹುದು, 30 ನಿಮಿಷಕ್ಕೆ ಹತ್ತರಲ್ಲಿ ಒಂದು ಪಾಲು. ಅದಕ್ಕೇ ನಾನು ಬೆಟ್ಟಕ್ಕೆ ಹೋಗುವಾಗ ಎರಡು ಲೀಟರ್ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ಡಿನ ಸಣ್ಣ ಬಾಟಲಿ, ಹಳೇ ಬಟ್ಟೆ ತಗೊಂಡೇ ಹೋಗ್ತೀನಿ.

ತಾಗಿದ ಜಾಗಕ್ಕೆ ಲಿಕ್ವಿಡ್ ಹಾಕಿ, ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ, ತಣ್ಣೀರು ಸುರಿದು ತೊಳೆಯಿರಿ. ಹೀಗೆ ಮೂರು ಸಲ. ತಣ್ಣೀರು ಸಾಕು, ಬಿಸಿನೀರು ಬೇಡ. ಉಗುರಿನ ಸಂದಿ ಮರೀಬೇಡಿ. ಕಣ್ಣಿಗೆ, ಮುಖಕ್ಕೆ ಹೋಗೋದು ಅಲ್ಲಿಂದಲೇ. ಕೊಬ್ಬರಿ ಎಣ್ಣೆ ಹಚ್ಚಿ ಹಾಗೇ ಬಿಟ್ಟರೆ ಸೊನೆ ಇನ್ನಷ್ಟು ಹರಡುತ್ತೆ. ಗೇರುಬೀಜ ಸುಲಿಯುವ ಹೆಂಗಸರು ಕೈಗೆ ಎಣ್ಣೆ ಹಚ್ಚೋದು ನಿಜ, ಆದ್ರೆ ಅವರು ಹಚ್ಚೋದು ಕೆಲಸಕ್ಕೆ ಮೊದಲು, ತಡೆಗೆ.

ಬಟ್ಟೆ, ಕತ್ತಿ ಹಿಡಿ, ಚಪ್ಪಲಿ, ಮೊಬೈಲ್ ಕವರ್ ಕೂಡ ತೊಳೀಬೇಕು. ಕರಿಗೇರಿನ ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿದ್ದ ವಿದೇಶಿ ಸೈನಿಕರಿಗೆ ಆ ಒಗೆದ ಬಟ್ಟೆಯ ಗುರುತಿನ ಕೆಳಗೇ ಚರ್ಮ ಕೆರಳಿತ್ತು. ಒಗೆದ ಮೇಲೂ ಬಿಡದ ವಸ್ತು ಇದು.

ನಾಯಿಯ ವಿಷಯಕ್ಕೆ ಬರೋಣ. ಅದಕ್ಕೆ ದಟ್ಟ ಕೂದಲಿನ ರಕ್ಷಣೆ ಇದೆ, ಸಾಮಾನ್ಯವಾಗಿ ಏನೂ ಆಗಲ್ಲ. ಆದ್ರೆ ಸೊನೆಯನ್ನು ಮೈಮೇಲೆ ಹೊತ್ತು ಮನೆಗೆ ತರುತ್ತೆ, ಮಕ್ಕಳು ತಬ್ಬಿಕೊಳ್ತಾರೆ. ಕೈಗವಸು ಹಾಕ್ಕೊಂಡು ನಾಯಿ ಶಾಂಪೂವಿನಲ್ಲಿ ಎರಡು ಸಲ ತೊಳೀರಿ, ಕಣ್ಣು ಬಿಟ್ಟು. ಹೊಟ್ಟೆಯಡಿ, ಮೂತಿ, ಕಾಲ್ಬೆರಳ ಸಂದಿ ನೋಡಿ. ಬೆಕ್ಕು ಮೈ ನೆಕ್ಕುತ್ತೆ, ಅದಕ್ಕೂ ತಡ ಮಾಡಬೇಡಿ. ಹಗ್ಗ, ಬೆಲ್ಟೂ ತೊಳೀರಿ.

ತುರಿಕೆ ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಶುರುವಾಗಿ ಎರಡು ಮೂರು ವಾರ ಕಾಡುತ್ತೆ. ಗುಳ್ಳೆಯ ನೀರಿನಿಂದ ಬೇರೆಯವರಿಗೆ ಹರಡಲ್ಲ. ಕ್ಯಾಲಮೈನ್, ತಣ್ಣನೆ ಒದ್ದೆ ಬಟ್ಟೆ ಸಮಾಧಾನ ಕೊಡ್ತವೆ. ಮುಖ, ಕಣ್ಣು ಅಥವಾ ಗುಪ್ತಾಂಗ ಊದಿದರೆ, ಕೀವಾದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಅವರು ಮಾತ್ರೆ ಕೊಟ್ಟರೆ ಹೇಳಿದಷ್ಟು ದಿನ ನುಂಗಿ. ಮಧ್ಯೆ ಬಿಟ್ಟರೆ ಮತ್ತೆ ಕೆರಳಬಹುದು.

"ನಂಗೆ ಗೇರು ಏನೂ ಮಾಡಲ್ಲ" ಅನ್ನೋರು ಪ್ರತಿ ಊರಲ್ಲೂ ಇದ್ದಾರೆ. ಮೊದಲ ಸಲ ಸುಮ್ಮನಿದ್ದ ಮೈ ಮುಂದಿನ ಸಲ ಉರಿದೇಳಬಹುದು. ಇನ್ನೊಂದು: ಕಡಿದ ಹೊಳಗೇರು ಕೊಂಬೆಯನ್ನು ಸುಡಲೇಬೇಡಿ. ಹೊಗೆ ಉಸಿರಿಗೆ ಹೋದರೆ ಗಂಟಲು, ಶ್ವಾಸಕೋಶದ ಕಥೆ ಬೇರೆ. ಉಸಿರು ಕಟ್ಟಿದಂತಾದರೆ ಸೀದಾ ಆಸ್ಪತ್ರೆಗೆ.