ಮೋರ್ಯರ ಕಲ್ಲುಮನೆಗಳು

ಗದಗ ಸೀಮೆಯ ಅಂತೂರ ಬೆಂತೂರದ ಸುತ್ತ ಕಣ್ಣು ಹಾಯುವವರೆಗೂ ಕಪ್ಪು ಎರೆಭೂಮಿ. ಅಲ್ಲಿಂದ ಮೂಡಣಕ್ಕೆ ಸಾಗಿ, ಕೊಪ್ಪಳವನ್ನು ದಾಟಿ, ಗಂಗಾವತಿಯ ಹಾದಿಯನ್ನು ಹಿಡಿದರೆ ನೆಲದ ಚಹರೆಯೇ ಬದಲಾಗುತ್ತದೆ. ಬಂಡೆಯ ಮೇಲೆ ಬಂಡೆಯನ್ನೊಟ್ಟಿದಂಥ ಬೆಟ್ಟಗಳ ಸಾಲು ಎದುರಾಗುತ್ತದೆ. ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಇಂಥದೊಂದು ಬೆಟ್ಟದ ನೆತ್ತಿಯ ಮೇಲೆ ಒಂದು ಊರೇ ಇದೆ. ಆದರೆ ಆ ಊರಿನಲ್ಲಿ ಒಲೆ ಹೊತ್ತಿದ್ದಿಲ್ಲ, ತೊಟ್ಟಿಲು ತೂಗಿದ್ದಿಲ್ಲ. ಅದು ಮೃತರಿಗಾಗಿ ಕಟ್ಟಿದ ಊರು!

ಸುತ್ತಲಿನ ಜನ ಇದನ್ನು ಮೋರ್ಯರ ಗುಡ್ಡವೆನ್ನುತ್ತಾರೆ. ಮೋರ್ಯರು ಕುಳ್ಳರಾಗಿದ್ದರೆಂದೂ ಇವು ಅವರ ಮನೆಗಳೆಂದೂ ಪ್ರತೀತಿ. ಕಲ್ಪನೆ ಸೊಗಸಾದುದೇ. ಆದರೆ ಆಳೆತ್ತರಕ್ಕೂ ಮೀರಿದ ಚಪ್ಪಡಿಗಳನ್ನು ನೋಡಿದವರಿಗೆ, ಕುಳ್ಳರಿಗೆ ಇಷ್ಟು ದೊಡ್ಡ ಮನೆ ಏತಕ್ಕೆಂಬ ಸಂದೇಹ ಬಾರದಿರದು.

ಸಂಶೋಧಕರ ಉತ್ತರ ಬೇರೆ. ಇವು ಕಬ್ಬಿಣಯುಗದ ಜನರು, ಕ್ರಿ. ಪೂ. 800 ರಿಂದ ಕ್ರಿ. ಪೂ. 200 ರ ನಡುವಿನ ಕಾಲದಲ್ಲಿ, ತಮ್ಮ ಮೃತರಿಗಾಗಿ ನಿಲ್ಲಿಸಿದ ಬೃಹತ್ ಶಿಲಾಸ್ಮಾರಕಗಳು. ಇಲ್ಲಿ ಇಂಥವು ಸುಮಾರು 400 ಇವೆ. ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ್ದಾರೆ. ಹಲವು ಮನೆಗಳ ಗೋಡೆಗಲ್ಲಿನಲ್ಲಿ ದುಂಡಾದ ಕಂಡಿ ಕೊರೆದಿದೆ. ಗಾರೆಯಿಲ್ಲ, ಕಬ್ಬಿಣದ ಕಟ್ಟಿಲ್ಲ. ಒಂದು ಕಲ್ಲಿನ ಭಾರಕ್ಕೆ ಇನ್ನೊಂದು ಆಸರೆ. ಅಷ್ಟರಿಂದಲೇ ಅವು ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಮಳೆಗಾಳಿಗಳನ್ನು ತಡೆದು ನಿಂತಿವೆ.

ಅನತಿದೂರದ ಬಂಡೆಯ ತುದಿಯಲ್ಲಿ ನಗಾರಿಯಂತೆ ಕುಳಿತಿರುವ ಭಾರಿ ಗುಂಡೊಂದಿದೆ. ಬಡಿದರೆ ಅದರ ನಾದ ಬಹುದೂರ ಕೇಳಿಸುತ್ತದೆ. ಬೆಟ್ಟದ ಗವಿಗಳಲ್ಲಿ ಕೆಂಪು ಬಣ್ಣದ ಚಿತ್ರಗಳೂ ಉಂಟು. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್, ಹತ್ತೊಂಬತ್ತನೆಯ ಶತಮಾನದಲ್ಲಿಯೇ ಈ ತಾಣವನ್ನು ವಿದ್ವಾಂಸರ ಗಮನಕ್ಕೆ ತಂದನು.

ಇಂಥ ಕಲ್ಲುಗಳು ನಮ್ಮಲ್ಲಿ ಮಾತ್ರವಿಲ್ಲ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಪೆಂತ್ರೆ ಇವಾನ್ ಎಂಬ ಸಮಾಧಿಯೊಂದಿದೆ. ಅಲ್ಲಿ ಸುಮಾರು 16 ಟನ್ ತೂಕದ ಚಪ್ಪಡಿ ಮೂರು ಕಲ್ಲುಗಳ ತುದಿಯ ಮೇಲೆ ನಿಂತಿದೆ. ಅದು ಹಿರೇಬೆಣಕಲ್ಲಿಗಿಂತ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಹಳೆಯದು. ಎರಡು ನಾಡುಗಳ ಜನ ಪರಸ್ಪರರನ್ನು ಕಂಡವರಲ್ಲ. ಆದರೂ ಅಗಲಿದವರನ್ನು ಮರೆಯಬಾರದೆಂಬ ಹಂಬಲ ಇಬ್ಬರ ಕೈಯಿಂದಲೂ ಕಲ್ಲನ್ನೆತ್ತಿಸಿತು.

ಪೆಂತ್ರೆ ಇವಾನಿಗೆ 1882 ರ ಕಾನೂನಿನಿಂದಲೇ ರಕ್ಷಣೆ ದೊರೆಯಿತು. ಹಿರೇಬೆಣಕಲ್ಲು 2021 ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಸಂತೋಷವೇ ಸರಿ. ಆದರೆ ಮಳೆಗಾಳಿಗೆ ಮಣಿಯದ ಎಷ್ಟೋ ಮನೆಗಳು ನಿಧಿಯಾಸೆಯವರ ಹಾರೆಗೆ ಉರುಳಿವೆ. ಒಂದಕ್ಕೊಂದು ಆತು ನಿಂತ ಕಲ್ಲುಗಳಲ್ಲಿ ಒಂದನ್ನು ಕಿತ್ತರೆ ಸಾಕು, ಮೇಲಿನ ಹೊದಿಕೆ ಕುಸಿಯುತ್ತದೆ. ಬರಹವಿಲ್ಲದ ಕಾಲದ ಜನರಿಗೆ ಈ ಕಲ್ಲುಗಳೇ ಶಾಸನ. ಒಮ್ಮೆ ಕೆಡವಿದರೆ ಅದನ್ನು ಮತ್ತೆ ಬರೆಯಬಲ್ಲವರು ಯಾರು?