ಕೀಲಿ ಇಲ್ಲಿ, ಕೆಲಸ ಅಲ್ಲಿ

ಪುಣೆಯ ಮನೆಯಲ್ಲಿ ಕುಳಿತು ನಾನು ದಿನವೂ ಮೂರು ಕಂಪ್ಯೂಟರ್‌ಗಳೊಂದಿಗೆ ಏಗುತ್ತೇನೆ. ಮೇಜಿನ ಮೇಲಿರುವುದು ಮ್ಯಾಕ್, ಆಫೀಸಿನದು ವಿಂಡೋಸ್, ಅದರೊಳಗಿಂದ ತೆರೆಯುವ ಸರ್ವರ್ ಲಿನಕ್ಸ್. ಕೀಬೋರ್ಡ್ ಒಂದೇ, ಒತ್ತಿದ ಕೀಲಿಯ ಅರ್ಥ ಮಾತ್ರ ಮೂರು ಬಗೆ. ರಿಮೋಟ್ ಡೆಸ್ಕ್‌ಟಾಪ್ ನಂಬಿಕೊಂಡ ನಮ್ಮಲ್ಲಿ ಅನೇಕರಿಗೆ ಇದು ನಿತ್ಯದ ಗೋಳು.

ಕಾಪಿ ಮಾಡುವುದನ್ನೇ ನೋಡಿ. ಮ್ಯಾಕ್‌ನಲ್ಲಿ ಕಮಾಂಡ್-ಸಿ, ವಿಂಡೋಸ್‌ನಲ್ಲಿ ಕಂಟ್ರೋಲ್-ಸಿ. ಅದೇ ಕಂಟ್ರೋಲ್-ಸಿಯನ್ನು ಲಿನಕ್ಸ್ ಟರ್ಮಿನಲ್‌ನಲ್ಲಿ ಒತ್ತಿದರೆ ಓಡುತ್ತಿರುವ ಕೆಲಸವೇ ನಿಂತುಹೋಗುತ್ತದೆ. ಎರಡು ಗಂಟೆಯಿಂದ ನಡೆಯುತ್ತಿದ್ದ ಬ್ಯಾಕಪ್ ಮತ್ತೆ ಮೊದಲಿನಿಂದ! ಅಲ್ಲಿ ಸಾಮಾನ್ಯವಾಗಿ ಕಂಟ್ರೋಲ್-ಶಿಫ್ಟ್-ಸಿ ಒತ್ತಬೇಕು. ವಿಂಡೋಸ್‌ನ ಬ್ರೌಸರ್‌ನಲ್ಲಿ ಟರ್ಮಿನಲ್ ತೆರೆದವರಿಗೆ ಕಂಟ್ರೋಲ್-ಡಬ್ಲ್ಯೂ ಇನ್ನೊಂದು ಗಂಡಾಂತರ. ಹಿಂದಿನ ಪದ ಅಳಿಯುವ ಬದಲು ಟ್ಯಾಬೇ ಮುಚ್ಚಿಕೊಳ್ಳುತ್ತದೆ.

ಕಾರಣ ಸರಳ. ಒತ್ತಿದ ಕೀಲಿಯನ್ನು ಮೊದಲು ನೋಡುವುದು ನಮ್ಮೆದುರಿನ ಯಂತ್ರ. ತನ್ನದೆನಿಸಿದ್ದನ್ನು ತಾನೇ ಇಟ್ಟುಕೊಂಡು ಉಳಿದದ್ದನ್ನಷ್ಟೇ ಆಚೆಗೆ ಕಳಿಸುತ್ತದೆ. ಕಂಟ್ರೋಲ್-ಆಲ್ಟ್-ಡಿಲೀಟ್ ಅನ್ನಂತೂ ವಿಂಡೋಸ್ ಬೇರೆ ಯಾವ ಪ್ರೋಗ್ರಾಮಿಗೂ ಬಿಟ್ಟುಕೊಡುವುದಿಲ್ಲ. ನಕಲಿ ಲಾಗಿನ್ ಪರದೆ ತೋರಿಸಿ ಪಾಸ್‌ವರ್ಡ್ ಕದಿಯುವುದನ್ನು ತಡೆಯಲು ಮಾಡಿದ ಏರ್ಪಾಡು ಇದು. ಆದ್ದರಿಂದ ವಿಂಡೋಸ್‌ನಿಂದ ವಿಂಡೋಸ್‌ಗೆ ಹೋದಾಗ ಕಂಟ್ರೋಲ್-ಆಲ್ಟ್-ಎಂಡ್ ಒತ್ತಬೇಕು.

ಆಲ್ಟ್-ಟ್ಯಾಬ್‌ಗೆ ಬೇರೆ ದಾರಿಯಿದೆ. ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್‌ನ ‘ಲೋಕಲ್ ರಿಸೋರ್ಸಸ್’ ಟ್ಯಾಬಿನಲ್ಲಿ ಕೀಬೋರ್ಡಿಗೆ 3 ಆಯ್ಕೆಗಳಿವೆ: ಈ ಕಂಪ್ಯೂಟರ್, ಆಚೆಯ ಕಂಪ್ಯೂಟರ್, ಪೂರ್ತಿ ಪರದೆಯಲ್ಲಿದ್ದಾಗ ಮಾತ್ರ ಆಚೆಯದು. ಮೂರನೆಯದು ಮೊದಲೇ ಆಯ್ಕೆಯಾಗಿರುತ್ತದೆ. ಪರದೆಯನ್ನು ಚಿಕ್ಕದು ಮಾಡಿದೊಡನೆ ಆಲ್ಟ್-ಟ್ಯಾಬ್ ನಮ್ಮ ಕಡೆಗೇ ಮರಳುವುದು ಇದರಿಂದಲೇ.

ಕನ್ನಡ ಟೈಪ್ ಮಾಡುವವರ ಕಷ್ಟ ಬೇರೆಯೇ. ಆಚೆಗೆ ಸಾಮಾನ್ಯವಾಗಿ ಹೋಗುವುದು ಅಕ್ಷರವಲ್ಲ, ಕೀಲಿಯಿರುವ ಜಾಗದ ಸಂಖ್ಯೆ. ಇಲ್ಲಿ ಇನ್‌ಸ್ಕ್ರಿಪ್ಟ್ ಹಾಕಿಕೊಂಡು ‘ಕ’ ಒತ್ತಿದರೂ, ಅಲ್ಲಿ ಇಂಗ್ಲಿಷ್ ಕೀಬೋರ್ಡ್ ಇದ್ದರೆ ಇಂಗ್ಲಿಷಿನ ‘ಕೆ’ ಮೂಡುತ್ತದೆ. ಆಚೆಯ ಯಂತ್ರದಲ್ಲೇ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳುವುದು ನೇರ ಪರಿಹಾರ. ಮ್ಯಾಕ್ ಬಳಸುವವರು ವಿಂಡೋಸ್ ಆ್ಯಪ್‌ನ ಮೆನುವಿನಲ್ಲಿ ಕೀಬೋರ್ಡ್ ಮೋಡ್ ಅನ್ನು ‘ಯೂನಿಕೋಡ್’ ಮಾಡಿಯೂ ನೋಡಬಹುದು.

ಅಂಗಡಿಯಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ, ಮನೆಯಲ್ಲಿ ಕನ್ನಡ ಎಂದು ನಮ್ಮ ನಾಲಿಗೆ ತಾನಾಗಿ ಹೊರಳುತ್ತದೆ. ಬೆರಳಿಗೆ ಆ ಜಾಣ್ಮೆ ಬರಲು ಸಮಯ ಬೇಕು. ಅಲ್ಲಿಯವರೆಗೆ ಈ ನಾಲ್ಕೈದು ಶಾರ್ಟ್‌ಕಟ್‌ಗಳನ್ನು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿಕೊಳ್ಳಿ. ನನ್ನದು ಅಲ್ಲೇ ಇದೆ.